ಅವಳನ್ನೇ ಕೇಳಿ



ಹೆಣ್ಣುಮಕ್ಕಳ ದುಡಿಮೆ ಮತ್ತು ವಲಸೆಯ ಅಧ್ಯಯನವೇ ನನ್ನ ಬದುಕಿನ ಕಸುಬು. ಅದು ಕಲಿಸಿದ ಒಂದು ಸಂಗತಿಯನ್ನಷ್ಟೇ ಇಲ್ಲಿ ಹೇಳುತ್ತೇನೆ. ಪ್ರಶ್ನೆಯನ್ನು ಯಾರಿಗೆ ಕೇಳುತ್ತೇವೆ, ಉತ್ತರಕ್ಕೆ ಎಷ್ಟು ಜಾಗ ಬಿಡುತ್ತೇವೆ ಎಂಬುದರ ಮೇಲೆ ಯಾರ ದುಡಿಮೆ ಲೆಕ್ಕಕ್ಕೆ ಬರುತ್ತದೆ ಎಂಬುದು ತೀರ್ಮಾನವಾಗುತ್ತದೆ.

ಊರು ಬಿಟ್ಟದ್ದೇಕೆ ಎಂದು ನಮ್ಮ ಜನಗಣತಿ ಕೇಳತೊಡಗಿದ್ದು 1981ರಲ್ಲಿ. ಬರೆಯುವ ಕಾರಣ ಮಾತ್ರ ಒಂದೇ. 2011ರಲ್ಲಿ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು, ಬಹುಪಾಲು ಹೆಂಗಸರ ಹೆಸರಿನ ಮುಂದೆ ದಾಖಲಾದ ಕಾರಣ ಮದುವೆ. ಸುಳ್ಳೇನಲ್ಲ. ಆದರೆ ಯಾದಗಿರಿಯಲ್ಲಿ ತಾಳಿ ಕಟ್ಟಿಸಿಕೊಂಡು ನೇರ ಬೆಂಗಳೂರಿನ ತಗಡಿನ ಶೆಡ್ಡಿಗೆ ಗುಳೆ ಬಂದು, ವರ್ಷಗಟ್ಟಲೆ ಜಲ್ಲಿ ಹೊತ್ತವಳೂ ಆ ಒಂದು ಕಾರಣದೊಳಗೇ ಕರಗಿಹೋಗುತ್ತಾಳೆ.

ಅಂಥದೊಂದು ಶೆಡ್ಡಿನ ಮುಂದೆ, ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಕೇಳಿದಾಗ ಗಂಡ, "ಏನಿಲ್ರೀ, ಮನ್ಯಾಗ ಇರ್ತಾಳ" ಎಂದ. ಪಕ್ಕದಲ್ಲೇ ಆಕೆ ನೀಲಿ ಡ್ರಮ್ಮಿನ ನೀರಿನಲ್ಲಿ ಮೊಣಕೈವರೆಗೆ ಅಂಟಿದ್ದ ಸಿಮೆಂಟು ತೊಳೆಯುತ್ತಿದ್ದಳು. ಅವನಿಗೆ ಮುಚ್ಚಿಡುವ ಉದ್ದೇಶವಿರಲಿಲ್ಲ. ಮೇಸ್ತ್ರಿಯ ಪುಸ್ತಕದಲ್ಲಿ ಕೂಲಿ ಜೋಡಿಗೆ, ಹೆಸರು ಅವನದು, ಬಟವಾಡೆಯೂ ಅವನ ಕೈಗೆ. ಆಮೇಲೆ ಅವಳನ್ನೇ ಕೇಳಿದೆ: "ಮುಂಜಾನೆ ಎಷ್ಟಕ್ಕ ಏಳ್ತಿ?" ನಸುಕಿನಲ್ಲಿ ನೀರು ಹಿಡಿದದ್ದು, ರೊಟ್ಟಿ ಬಡಿದದ್ದು, ಮೂರನೇ ಅಂತಸ್ತಿಗೆ ಇಟ್ಟಿಗೆ ಹೊತ್ತದ್ದು, ಕೂಸಿಗೆ ಹಾಲು ಕುಡಿಸಲು ಕೆಳಗಿಳಿದು ಬೈಸಿಕೊಂಡದ್ದು ಒಂದೊಂದಾಗಿ ಹೊರಬಂದವು. ಕತ್ತಲಾದರೂ ಅವಳ ದಿನ ಮುಗಿಯಲಿಲ್ಲ. 2019ರ ಸಮಯ ಬಳಕೆ ಸಮೀಕ್ಷೆ ಇದರ ಒಂದು ಪಾಲನ್ನು ಅಳೆದಿದೆ: ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ಆಗ ದಿನಕ್ಕೆ ಕೊಡುತ್ತಿದ್ದುದು 299 ನಿಮಿಷ, ಗಂಡಸರು 97.

ಇದೇ ಜೋಡಿ ಲೆಕ್ಕ ಕಬ್ಬಿನ ಗದ್ದೆಯಲ್ಲೂ ಇದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ, ಬಾಗಲಕೋಟೆಗೆ ಕಬ್ಬು ಕಡಿಯಲು ಬರುವವರಲ್ಲಿ ಗಂಡಹೆಂಡಿರು ಸೇರಿ ಒಂದು 'ಕೊಯ್ತಾ'. ಮುಂಗಡವೂ ಜೋಡಿಗೆ, ಟನ್ನಿನ ಲೆಕ್ಕವೂ ಜೋಡಿಗೆ, ಒಬ್ಬರು ತಪ್ಪಿಸಿದರೂ ದಂಡ. ಮುಟ್ಟಿನ ದಿನಕ್ಕೂ ಬಿಡುವಿಲ್ಲ. ಹೊಟ್ಟೆನೋವೆಂದು ಹೋದ ಬೀಡ್‌ನ ಹರೆಯದ ಹೆಂಗಸರು ಗರ್ಭಕೋಶ ತೆಗೆಸಿಕೊಂಡು ಮತ್ತೆ ಗದ್ದೆಗಿಳಿಯುತ್ತಿದ್ದ ಸುದ್ದಿ 2019ರಲ್ಲಿ ದೊಡ್ಡದಾದ ಮೇಲೆ ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿ ರಚಿಸಿತು. ಕೂಲಿ ಬರೆದಿಡುವ ರೀತಿ ಒಂದು ಹೆಣ್ಣುಜೀವದ ಒಡಲವರೆಗೂ ಹೋಗಿ ಮುಟ್ಟುತ್ತದೆ. ಇದನ್ನು ಬರೀ ಆರೋಗ್ಯದ ಪ್ರಶ್ನೆಯೆಂದು ನೋಡುವುದನ್ನು ನಾನು ಒಪ್ಪಲಾರೆ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ನಿಯಮ ಮಾಡಿದವರಿಗೆ ಪಿಎಫ್ ಎಂದರೆ ಮುಪ್ಪಿನ ಆಸರೆ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್‌ನಡಿ ಹೊಲಿಯುತ್ತ, ಬೆನ್ನು ಸೋತು ನಡುವಯಸ್ಸಿಗೇ ಕೆಲಸ ಬಿಡುವವರಿಗೆ ಅದು ಮಗಳ ಫೀಸು, ಊರಿನ ಸಾಲ, ತಮ್ಮ ಹೆಸರಿನಲ್ಲಿರುವ ಒಂದೇ ಗಂಟು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮೊದಲೇ ಅವರನ್ನು ಕೇಳಿದ್ದರೆ ಲಾಠಿಯೇಟು ತಿನ್ನುವುದಾದರೂ ತಪ್ಪುತ್ತಿತ್ತು.

ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಅರ್ಜಿ ನಮೂನೆ, ಆ್ಯಪ್, ಫಲಾನುಭವಿಗಳ ಪಟ್ಟಿ ತಯಾರಿಸುವ ಜಾಗದಲ್ಲಿ ಕೂರುತ್ತೀರಿ. ಶಿಕ್ಷಕರಾಗುವವರು 2027ರ ಜನಗಣತಿಗೆ ಮನೆಮನೆ ತಿರುಗಬೇಕಾಗಬಹುದು. ಬಾಗಿಲಿಗೆ ಬಂದ ಗಂಡಸಿನ ಉತ್ತರಕ್ಕೇ ನಿಲ್ಲಬೇಡಿ. ಅವಳನ್ನು ಹೊರಗೆ ಕರೆಯಿರಿ. ದುಡಿಯುತ್ತೀಯಾ ಎಂದು ಕೇಳಿದರೆ ಇಲ್ಲವೆಂದಾಳು; ಬೆಳಗಿನಿಂದ ಏನೇನು ಮಾಡಿದೆ ಎಂದು ಕೇಳಿ. ಮೇಲಿನವರು ಅವಸರಿಸುತ್ತಾರೆ, ಸಂಜೆಯೊಳಗೆ ಮುಗಿಸಬೇಕಾದ ಮನೆಗಳು ಇನ್ನೂ ಉಳಿದಿರುತ್ತವೆ. ಆದರೂ ಅವಳು ಹೇಳಿ ಮುಗಿಸುವವರೆಗೆ ನಿಂತು, ಬರೆದುಕೊಳ್ಳಿ.