ಮಗುವಿನ ಶಸ್ತ್ರಚಿಕಿತ್ಸೆಗೊಂದು ಹದ



1897ರ ಆರಂಭದಲ್ಲಿ ಪುಣೆಯನ್ನು ಪ್ಲೇಗು ಹೊಕ್ಕಿತ್ತು. ಸಮಾಜ ಸುಧಾರಕಿ ಸಾವಿತ್ರಿಬಾಯಿ ಫುಲೆಯವರ ದತ್ತುಮಗ, ವೈದ್ಯ ಯಶವಂತರು, ಊರಾಚೆ ಹಡಪಸರದ ಬಳಿ ಪ್ಲೇಗಿನ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಮುಂಢವಾದಲ್ಲಿ ಒಬ್ಬ ಹುಡುಗ ಕಾಯಿಲೆ ಬಿದ್ದನೆಂದು ತಿಳಿದಾಗ 66 ವರ್ಷದ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಅಲ್ಲಿಗೆ ತಂದರು. ಆ ಸೋಂಕು ಅವರಿಗೂ ತಗುಲಿತು. ಮಾರ್ಚ್ 10ರಂದು ಅವರು ತೀರಿಕೊಂಡರು.

ಅಲ್ಲಿಂದ 123 ವರ್ಷ ತುಂಬಲು ಒಂದು ದಿನ ಉಳಿದಿತ್ತು. 2020ರ ಮಾರ್ಚ್ 9ರಂದು ಅದೇ ಪುಣೆಯಲ್ಲಿ, ದುಬೈಯಿಂದ ಬಂದ ದಂಪತಿಯಲ್ಲಿ ಮಹಾರಾಷ್ಟ್ರದ ಮೊದಲ ಕೊರೊನಾ ಪ್ರಕರಣಗಳು ಪತ್ತೆಯಾದವು. ಅವರನ್ನು ನಗರಪಾಲಿಕೆಯ ನಾಯ್ಡು ಆಸ್ಪತ್ರೆಗೆ ಸೇರಿಸಿದರು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು.

ಹೆಚ್ಚಿನ ಮಕ್ಕಳನ್ನು ಕೊರೊನಾ ಅಷ್ಟಾಗಿ ಕಾಡಲಿಲ್ಲ. ನಾಲ್ಕು ದಿನ ಜ್ವರ, ನೆಗಡಿ, ಅಷ್ಟೇ. ಹಾಗಾಗಿ ಮಕ್ಕಳು ಪಾರಾದರು ಎಂದೇ ನಾವೆಲ್ಲ ಅಂದುಕೊಂಡೆವು. ಆದರೆ ವೈರಸ್ಸು ಮೈಗೆ ತಾಕದೆಯೂ ಪೆಟ್ಟು ತಿಂದ ಮಕ್ಕಳಿದ್ದಾರೆ. ಅವರಿಗೆ ಬೇಕಿದ್ದದ್ದು ಒಂದು ಶಸ್ತ್ರಚಿಕಿತ್ಸೆ, ಅದೂ ಸಮಯಕ್ಕೆ ಸರಿಯಾಗಿ. ಇಂದಿನ ಮಾತು ಆ ಮಕ್ಕಳ ಕುರಿತು.

ಸಾಂಕ್ರಾಮಿಕ ಬಂದಾಗ ಆಪರೇಷನ್ ಥಿಯೇಟರಿನ ದೀಪ ಯಾಕೆ ಆರುತ್ತದೆ? ದೊಡ್ಡವರ ಹರ್ನಿಯಾ ಆದರೆ ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗಷ್ಟೇ ಮರಗಟ್ಟಿಸಿ ಮುಗಿಸಬಹುದು. ಎರಡು ವರ್ಷದ ಮಗು ಅಲುಗಾಡದೆ ಮಲಗೀತೇ? ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯೇ ಬೇಕು. ಅದನ್ನು ಕೊಡಲು ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ ರೋಗಿಯ ಉಸಿರಿನ ಸಣ್ಣ ಹನಿಗಳು ಗಾಳಿಗೆ ಹರಡಬಹುದೆಂಬ ಆತಂಕವಿತ್ತು. ಕೊರೊನಾ ಹರಡುತ್ತಿದ್ದುದೂ ಇದೇ ದಾರಿಯಲ್ಲಿ. ಅರಿವಳಿಕೆ ತಜ್ಞರಿಗಂತೂ ಆಗ ಎರಡೆರಡು ಕಡೆಯಿಂದ ಕರೆ. ವೆಂಟಿಲೇಟರ್ ಮೇಲಿದ್ದ ಕೊರೊನಾ ರೋಗಿಗಳ ಬಳಿಯೂ ಅವರೇ ಬೇಕಿತ್ತು. 1867ರಿಂದ ಪುಣೆಯ ಬಡವರ ಆಸರೆಯಾಗಿರುವ ಸಸೂನ್ ಆಸ್ಪತ್ರೆಯ ಹೊಸ ಕಟ್ಟಡ ಕೋವಿಡ್ ರೋಗಿಗಳಿಗೆ ಮೀಸಲಾಯಿತು. ರಕ್ತದಾನ ಶಿಬಿರಗಳು ನಿಂತವು. ಕೈಯಲ್ಲಿದ್ದ ಹಾಸಿಗೆ, ಆಕ್ಸಿಜನ್, ಸಿಬ್ಬಂದಿಯನ್ನೆಲ್ಲ ಉಳಿಸಿಕೊಳ್ಳಲು ಆಸ್ಪತ್ರೆಗಳು ಒಂದು ಗೆರೆ ಎಳೆದವು: ತುರ್ತಿನವನ್ನು ಮಾಡೋಣ, ಉಳಿದವನ್ನು ಮುಂದೂಡೋಣ. ಬ್ರಿಟನ್ನಿನಿಂದ ನಡೆದ ಕೋವಿಡ್‌ಸರ್ಜ್ ಅಧ್ಯಯನದ ಅಂದಾಜಿನಂತೆ, ತೀವ್ರ ಅಡಚಣೆಯ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ 84 ಲಕ್ಷ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋಗಲಿದ್ದವು, ಇಲ್ಲವೇ ರದ್ದಾಗಲಿದ್ದವು.

ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ‘ಮುಂದೂಡಬಹುದು’ ಎಂಬ ಮಾತು ದೊಡ್ಡವರಿಗೆ ಹೊಂದಿದಂತೆ ಮಕ್ಕಳಿಗೆ ಹೊಂದುವುದಿಲ್ಲ. ಬಿತ್ತನೆಗೆ ಒಂದು ಹದ ಇರುತ್ತದೆ ಎಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹದ ಆರಿದ ಮೇಲೆ ಬೀಜವೂ ಅದೇ, ಹೊಲವೂ ಅದೇ, ಬೆಳೆ ಮಾತ್ರ ಅದಲ್ಲ. ಬೆಳೆಯುವ ದೇಹವೂ ಹಾಗೆಯೇ. ಸೀಳು ಅಂಗುಳನ್ನು ಮಗುವಿಗೆ ಮಾತು ಕೂಡುವ ಮೊದಲು, ಒಂದು ವರ್ಷದ ಆಸುಪಾಸಿನಲ್ಲಿ ಹೊಲಿಯಬೇಕು. ತಡವಾದರೆ ಮೂಗಿನಿಂದ ಬರುವ ಮಾತೇ ರೂಢಿಯಾಗಿಬಿಡುತ್ತದೆ. ಕೆಳಗಿಳಿಯದ ವೃಷಣವನ್ನು ಒಂದೂವರೆ ವರ್ಷದೊಳಗೆ ಅದರ ಜಾಗಕ್ಕೆ ತಂದು ಕೂರಿಸಬೇಕು. ಒಳಕ್ಕೆ ತಿರುಗಿದ ಪಾದಕ್ಕೆ ವಾರವಾರವೂ ಹೊಸ ಪ್ಲಾಸ್ಟರ್ ಕಟ್ಟಿ ಮೆಲ್ಲಗೆ ತಿದ್ದಬೇಕು. ಬಸ್ಸು ನಿಂತು ವಾರಗಳು ತಪ್ಪಿದರೆ ತಿದ್ದಿದ ಪಾದ ಮತ್ತೆ ಸೊಟ್ಟಗಾಗುತ್ತದೆ.

ಎಲ್ಲಕ್ಕಿಂತ ನಿಷ್ಠುರವಾದ ಹದ ಇನ್ನೊಂದಿದೆ. ಕೆಲವೇ ಕೆಲವು ಶಿಶುಗಳಲ್ಲಿ ಲಿವರಿನಿಂದ ಕರುಳಿಗೆ ಪಿತ್ತ ಹರಿಯುವ ನಾಳ ಮುಚ್ಚಿಹೋಗಿರುತ್ತದೆ. ಪಿತ್ತ ಒಳಗೇ ನಿಂತು ಲಿವರನ್ನು ಕೆಡಿಸುತ್ತಾ ಹೋಗುತ್ತದೆ. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ ಇದಕ್ಕೊಂದು ದಾರಿ ಕಂಡುಕೊಂಡರು: ಕರುಳಿನ ಒಂದು ತುಂಡನ್ನು ನೇರವಾಗಿ ಲಿವರಿಗೆ ಜೋಡಿಸಿ ಪಿತ್ತಕ್ಕೆ ಹೊಸ ಕಾಲುವೆ ಮಾಡುವುದು. ಮಗುವಿಗೆ 60 ದಿನ ತುಂಬುವುದರೊಳಗೆ ಮಾಡಿದರೆ ಇದು ಫಲಿಸುವ ಸಾಧ್ಯತೆ ಹೆಚ್ಚು. ಈಗ ಲೆಕ್ಕ ಹಾಕಿ. 2020ರ ಮಾರ್ಚ್ 25ರಿಂದ ಮೇ 31ರವರೆಗೆ ದೇಶದ ಲಾಕ್‌ಡೌನ್ ನಡೆದದ್ದು 68 ದಿನ. ಬಾಗಿಲು ಹಾಕಿದ ದಿನ ಹುಟ್ಟಿದ ಇಂಥದೊಂದು ಕೂಸಿನ ಹದ ಬಾಗಿಲು ತೆರೆಯುವ ಮೊದಲೇ ಮುಗಿದಿತ್ತು.

ಹಾಗಂತ ಆಸ್ಪತ್ರೆಯ ಬಾಗಿಲೊಂದೇ ಮುಚ್ಚಿರಲಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಕೂಲಿ ನಿಂತಿದೆ, ರೈಲಿಲ್ಲ, ಜಿಲ್ಲೆ ದಾಟಲು ಪಾಸು ಬೇಕು. ಮಗು ಹೊಟ್ಟೆನೋವೆಂದು ಅಳುತ್ತಿದೆ. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು, ತಮ್ಮನ್ನೇ ಹಿಡಿದು ಕೂಡಿಹಾಕಿಯಾರು ಎಂಬ ಅಂಜಿಕೆ ಬೇರೆ. ಪ್ಲೇಗಿನ ಕಾಲದಲ್ಲೂ ಪುಣೆಯ ಜನ ಹೀಗೇ ಅಂಜಿ ರೋಗಿಗಳನ್ನು ಮನೆಯಲ್ಲಿ ಬಚ್ಚಿಟ್ಟಿದ್ದರು. ‘ಎರಡು ದಿನ ನೋಡೋಣ’ ಎನ್ನುತ್ತಾರೆ ತಂದೆತಾಯಿ. ಆ ಎರಡು ದಿನದಲ್ಲಿ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಬಹುದು. ಆ ವರ್ಷ ಅನೇಕ ದೇಶಗಳ ವೈದ್ಯರು ಕಂಡದ್ದು ಇದನ್ನೇ: ಒಡೆದ ಅಪೆಂಡಿಕ್ಸ್ ಹೊತ್ತು ತಡವಾಗಿ ಬರುವ ಮಕ್ಕಳು ಹೆಚ್ಚಾದರು. ಕೂಸುಗಳಲ್ಲಿ ಕರುಳಿನೊಳಗೆ ಕರುಳು ಸೇರಿಕೊಳ್ಳುವ ಕಾಯಿಲೆಯೂ ಹಾಗೆಯೇ. ಬೇಗ ಬಂದರೆ ಗುದದ್ವಾರದಿಂದ ನೀರು ಅಥವಾ ಗಾಳಿಯ ಒತ್ತಡ ಕೊಟ್ಟು, ಕತ್ತಿ ಮುಟ್ಟಿಸದೆಯೇ ಸಾಮಾನ್ಯವಾಗಿ ಬಿಡಿಸಬಹುದು. ತಡವಾದರೆ ಕೊಳೆತ ಕರುಳನ್ನು ಕತ್ತರಿಸಬೇಕಾಗುತ್ತದೆ.

ಇನ್ನು ಶಾಲೆ, ಅಂಗನವಾಡಿಗಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು ಮಹಾರಾಷ್ಟ್ರದ ಪಾಲಘರದಿಂದ. ಇದರ ವೈದ್ಯರ ತಂಡ ಶಾಲೆ, ಅಂಗನವಾಡಿಗಳಿಗೇ ಹೋಗಿ ಹೃದಯದ ರಂಧ್ರ, ಸೀಳುತುಟಿ, ಸೊಟ್ಟ ಪಾದಗಳನ್ನು ಗುರುತಿಸಿ ಆಸ್ಪತ್ರೆಗೆ ಕಳಿಸುತ್ತದೆ. ಶಾಲೆ, ಅಂಗನವಾಡಿಗಳು ಮುಚ್ಚಿದಾಗ ಹಾಗೆ ಹುಡುಕುವ ಕಣ್ಣೇ ಮುಚ್ಚಿದಂತಾಯಿತು. ತೊಂದರೆ ಇದೆಯೆಂದೇ ಗೊತ್ತಾಗದ ಮಗುವಿನ ಹೆಸರು ಕಾಯುವವರ ಪಟ್ಟಿಯಲ್ಲೂ ಇರುವುದಿಲ್ಲ.

ಮುಂದಿನ ಸಾಂಕ್ರಾಮಿಕಕ್ಕೆ ನಾವು ಸಿದ್ಧವಾಗುವುದೆಂದರೆ ಲಸಿಕೆ, ಆಕ್ಸಿಜನ್ ಜೊತೆಗೆ ಇದನ್ನೂ ಯೋಚಿಸುವುದು. ಪ್ರತಿ ವಲಯದಲ್ಲೂ ಮಕ್ಕಳಿಗೆಂದೇ ಸೋಂಕಿಲ್ಲದ ಒಂದು ಥಿಯೇಟರು, ಒಬ್ಬ ಅರಿವಳಿಕೆ ತಜ್ಞರು ಉಳಿಯಲೇಬೇಕು. ಕಾಯುವವರ ಪಟ್ಟಿಯನ್ನು ಹೆಸರು ಬರೆಸಿದ ದಿನಾಂಕದಂತೆ ಜೋಡಿಸದೆ, ಯಾವ ಮಗುವಿನ ಹದ ಮೊದಲು ಮುಗಿಯುತ್ತದೆ ಎಂಬುದರ ಮೇಲೆ ಜೋಡಿಸಬೇಕು. ಆಶಾ ಕಾರ್ಯಕರ್ತೆಯರು ಸೋಂಕಿತರನ್ನು ಕೇಳಿಕೊಂಡು ಮನೆಮನೆಗೆ ಹೋದಾಗ, ಮನೆಯಲ್ಲಿರುವ ಕೂಸು ಹೇಗಿದೆ ಎಂದೂ ಕೇಳಬೇಕು.

ಕೊನೆಯದಾಗಿ, ಮನೆಯಲ್ಲಿ ಮಕ್ಕಳಿರುವ ಎಲ್ಲರೂ ಕೆಲವು ಗುರುತುಗಳನ್ನು ನೆನಪಿಡಿ. ಹಸುಗೂಸು ಹಸಿರು ಬಣ್ಣದ ವಾಂತಿ ಮಾಡಿದರೆ, ಮಗು ಬಿಟ್ಟುಬಿಟ್ಟು ಚೀರಿ ಅದರ ಮಲದಲ್ಲಿ ರಕ್ತ ಕಂಡರೆ, ತೊಡೆಸಂದಿನ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಹುಡುಗನಿಗೆ ವೃಷಣದಲ್ಲಿ ಇದ್ದಕ್ಕಿದ್ದಂತೆ ನೋವು ಬಂದರೆ ಆ ಗಳಿಗೆಯೇ ಹೊರಡಿ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಸಿಗುವುದು ಸುಮಾರು 6 ಗಂಟೆ ಮಾತ್ರ. ಹುಟ್ಟಿ ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ ಮಲ ಸುಣ್ಣದಂತೆ ಬೆಳ್ಳಗಿದ್ದರೆ, ಆ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಹೊರಗೆ ಯಾವ ರೋಗವೇ ಹರಡಿರಲಿ, ಬಾಯಿ-ಮೂಗಿಗೆ ಮಾಸ್ಕ್ ಕಟ್ಟಿಕೊಂಡು 108ಕ್ಕೆ ಕರೆ ಮಾಡಿ.

ಆ ಕರೆ ಬಂದಾಗ ಗಾಡಿ ಕಳಿಸುವುದು, ದಾರಿ ಬಿಡುವುದು, ಥಿಯೇಟರಿನ ದೀಪ ಆರದಂತೆ ನೋಡಿಕೊಳ್ಳುವುದು ಸಮಾಜದ ಹೊಣೆ. ಸಾವಿತ್ರಿಬಾಯಿ ಅಂದು ಆ ಹೊಣೆಯನ್ನು ಒಬ್ಬರೇ ಬೆನ್ನ ಮೇಲೆ ಹೊತ್ತರು. ನಾವು ಹಂಚಿಕೊಂಡು ಹೊರೋಣ.