ಗೋಡೆಯ ಆಚೆ, ಗೋಡೆಯ ಈಚೆ
(ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಮ್ಯಾಂಚೆಸ್ಟರ್ ಎಂಬ ಹೆಸರು ನಮಗೆ ಹೊಸದಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಆ ಸೀಮೆಯ ಗಿರಣಿಗಳಿಗೆ ಹತ್ತಿ ಸಿಗದಾದಾಗ, ನಮ್ಮ ಧಾರವಾಡದ ಹತ್ತಿ ಹಡಗು ಹತ್ತಿತು. ಈ ಹೊತ್ತು ಆ ಊರಿನ ವಿಶ್ವವಿದ್ಯಾನಿಲಯದ ಮ್ಯೂಸಿಯಮ್ಮಿಗೆ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬರೋಣ. ಪ್ರವೇಶಕ್ಕೆ ದುಡ್ಡಿಲ್ಲ.

ಅಲ್ಲಿಯ ಸಂಗ್ರಹದಲ್ಲಿ ಏಷ್ಯಾದ ಆನೆಯೊಂದರ ಅಸ್ಥಿಪಂಜರ ಉಂಟು. 1872ರಲ್ಲಿ ಎಡಿನ್‌ಬರೊದಲ್ಲಿ ಹರಾಜಾದ ಆನೆ ಅದು. ರೈಲು ಡಬ್ಬಿಯನ್ನು ಒಡೆಯಿತೆಂದು ಅದನ್ನು ಮ್ಯಾಂಚೆಸ್ಟರಿನವರೆಗೆ ನಡೆಸಿಕೊಂಡೇ ಹೋದರು. ಮೃಗಾಲಯದಲ್ಲಿ ಜನರನ್ನು ಹೊತ್ತು ಹೊತ್ತು 1882ರಲ್ಲಿ ಸತ್ತಿತು. ಹೆಸರು ಮಹಾರಾಜ, ಬಾಳು ಹರಾಜಿನ ಮಾಲು!

ಮುಂದೆ ಈಜಿಪ್ಟಿನ ವಸ್ತುಗಳು. 1889ರಲ್ಲಿ ಪೆಟ್ರಿ ಎಂಬ ವಿದ್ವಾಂಸ ಕಾಹುನ್ ಎಂಬಲ್ಲಿ ಅಗೆಸಿದ. ಖರ್ಚಿಗೆ ಹಣ ಕೊಟ್ಟವರಲ್ಲಿ ಮ್ಯಾಂಚೆಸ್ಟರಿನ ಹತ್ತಿ ಸಾಹುಕಾರ ಜೆಸ್ಸಿ ಹಾವರ್ತ್ ಒಬ್ಬ; ಅವನ ಪಾಲಿಗೆ ಬಂದದ್ದು ಈ ಮ್ಯೂಸಿಯಮ್ಮಿಗೆ ಸೇರಿತು. ನೆಲದಡಿ ಸಿಕ್ಕಿದ್ದು ಸುಮಾರು 3900 ವರುಷ ಹಿಂದೆ ಪಿರಮಿಡ್ಡಿಗೆ ದುಡಿದ ಕೆಲಸಗಾರರ ಊರು. ಇಟ್ಟಿಗೆಯ ಮರದ ಅಚ್ಚು, ಗಾರೆಯವನ ಹಲಗೆ, ತಾಮ್ರದ ಉಳಿ, ನೂಲುವ ಕದಿರು, ಮಕ್ಕಳ ಆಟಿಕೆ. ಆ ಊರಿನ ನಡುವೆ ಒಂದು ಗೋಡೆ. ಆಚೆಗೆ ಅಧಿಕಾರಿಗಳ ಹತ್ತಾರು ಕೋಣೆಗಳ ಮನೆ, ಈಚೆಗೆ ಕೆಲಸಗಾರರ ಇಕ್ಕಟ್ಟಾದ ಸಾಲುಮನೆ. ಚಾಳಿನಲ್ಲಿ ಬಾಳಿದ ನಮಗೆ ಈ ಗೋಡೆಯ ಗುರುತನ್ನು ಬೇರೆ ಹೇಳಿಕೊಡಬೇಕೆ?

ಹಣ ಕೊಟ್ಟವನ ಹೆಸರು ಉಳಿಯಿತು. ಉಳಿ ಹಿಡಿದವನ ಹೆಸರು ಎಲ್ಲಿ?

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. 2019ರಲ್ಲಿ ಈ ಮ್ಯೂಸಿಯಂ ಆಸ್ಟ್ರೇಲಿಯದ ಮೂಲನಿವಾಸಿಗಳಿಗೆ ಅವರ 43 ವಸ್ತುಗಳನ್ನು ಮರಳಿಸಿತು; 2023ರಲ್ಲಿ ಅನಿಂಡಿಲ್ಯಾಕ್ವ ಜನಕ್ಕೆ 174 ವಸ್ತುಗಳನ್ನು ಒಪ್ಪಿಸಿತು. ಇದು ದಾನವಲ್ಲ, ನ್ಯಾಯ. ಅದೇ ವರುಷ ದಕ್ಷಿಣ ಏಷ್ಯಾದ ವಿಭಾಗ ತೆರೆದಾಗ, ಏನನ್ನು ಹೇಗೆ ತೋರಿಸಬೇಕೆಂದು ನಿಶ್ಚಯಿಸುವ ಕೆಲಸದಲ್ಲಿ ಅಲ್ಲಿ ನೆಲೆಸಿದ ನಮ್ಮ ಕಡೆಯ ಜನರೂ ಕೂತರು.

ಹಾಗಾದರೆ ನಮ್ಮ ವಸ್ತುಗಳ ಗತಿಯೇನು? ಮೈಸೂರು ವಿಶ್ವವಿದ್ಯಾನಿಲಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಗಳನ್ನು ಕೂಡಿಟ್ಟಿದೆ, ಮೆಚ್ಚತಕ್ಕದ್ದು. ಆದರೆ ಗಿರಣಿ ಮುಚ್ಚಿದರೆ ಯಂತ್ರ ಗುಜರಿಗೆ ಹೋಗುತ್ತದೆ, ಹಾಜರಿ ಪುಸ್ತಕ ರದ್ದಿಗೆ, ಅಂಗಡಿ ಮುಚ್ಚಿದರೆ ಅಪ್ಪನ ತಕ್ಕಡಿ ಅಟ್ಟಕ್ಕೆ. ನಾಳೆ ನಮ್ಮ ಮೊಮ್ಮಕ್ಕಳು ನಮ್ಮ ಬಾಳನ್ನು ಎಲ್ಲಿ ನೋಡಬೇಕು?

ಆದ್ದರಿಂದ ಸಂಗಾತಿಗಳೆ, ಮನೆಯಲ್ಲಿರುವ ಹಳೆಯ ಲಾಳಿ, ಕದಿರು, ಖಾತೆ ಪುಸ್ತಕಗಳನ್ನು ಮಾರಬೇಡಿ. ಯಾರು ಬಳಸಿದರು, ಎಷ್ಟು ವರುಷ, ಎಷ್ಟು ಕೂಲಿಗೆ ಎಂದು ಒಂದು ಚೀಟಿ ಬರೆದು ಜೊತೆಗೆ ಕಟ್ಟಿ. ಅವನ್ನೆಲ್ಲ ಇಡಲು ಊರಿನ ಕಾಲೇಜಿನಲ್ಲಿ ಒಂದು ಕೋಣೆ ಬೇಕೆಂದು ಕೇಳೋಣ. ಕೂಲಿ, ಬೋನಸ್ಸಿನ ಜೊತೆಗೆ ಇದನ್ನೂ ಬೇಡಿಕೆಯ ಪಟ್ಟಿಗೆ ಸೇರಿಸೋಣ.