ಪಿಂಗಾಣಿ ಊರು ಜಿಂಗ್‌ದೆಝೆನ್‌ನಲ್ಲಿ ಮೂರು ದಿನ, ಒಂದು ಸೊಟ್ಟ ಬಟ್ಟಲು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಮುಂಬೈ, ಚೆನ್ನೈ, ಹೈದರಾಬಾದ್, ದಿಲ್ಲಿ, ಎಲ್ಲಿ ಕೂತು ನೋಡ್ತಾ ಇದ್ದೀರೋ ಅಲ್ಲಿಂದಲೇ ಇಪ್ಪತ್ತು ನಿಮಿಷ ನನ್ನ ಜೊತೆ ಚೀನಾಕ್ಕೆ ಬನ್ನಿ. ವೀಸಾ ಬೇಕಾಗಿಲ್ಲ.

ಮೊದಲು ಇದನ್ನ ನೋಡಿ. ಕ್ಯಾಮೆರಾ ಹತ್ತಿರ ತರ್ತೀನಿ. ಒಂದು ಬಿಳಿ ಬಟ್ಟಲು. ಅಂಚು ಒಂದು ಕಡೆ ಸೊಟ್ಟ ಇದೆ, ಕಾಣ್ತಾ? ಇದನ್ನ ಮಾಡಿದ್ದು ನಾನು. ಸಂತೆಯಲ್ಲಿ ಇಟ್ಟರೆ ಹತ್ತು ರೂಪಾಯಿಗೂ ಯಾರೂ ಮುಟ್ಟಲ್ಲ. ಇದು ಯಾಕೆ ಸೊಟ್ಟ ಆಯ್ತು ಅಂತ ಕೊನೆಗೆ ಹೇಳ್ತೀನಿ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮುಗಿಸಿ ಹನ್ನೊಂದು ವರ್ಷ ಆಯ್ತು. ಊರು ಬೆಳಗಾವಿ ಜಿಲ್ಲೆಯ ಖಾನಾಪುರ. ಮಡಕೆ, ಹಂಚಿಗೆ ಹೆಸರಾದ ಊರು. ಚಿಕ್ಕವನಿದ್ದಾಗ ಕುಂಬಾರ ಓಣಿಯಲ್ಲಿ ತಿಗರಿ ತಿರುಗೋದನ್ನ ನೋಡ್ತಾ ನಿಂತು ಶಾಲೆಗೆ ತಡವಾಗಿ ಹೋಗಿ ಏಟು ತಿಂದವನು ನಾನು. ಹಾಗಾಗಿ ಆಫೀಸಿನವರು ಮೂರು ವಾರಕ್ಕೆ ಶಾಂಘೈಗೆ ಕಳಿಸಿದಾಗ, ಸಹೋದ್ಯೋಗಿಗಳೆಲ್ಲ ಶಾಪಿಂಗ್ ಲಿಸ್ಟ್ ಮಾಡ್ತಾ ಇದ್ರೆ ನಾನು ಜಿಂಗ್‌ದೆಝೆನ್‌ಗೆ ರೈಲು ಟಿಕೆಟ್ ಹುಡುಕ್ತಾ ಇದ್ದೆ.

ಜಿಂಗ್‌ದೆಝೆನ್ ಇರೋದು ಜಿಯಾಂಗ್ಶಿ ಪ್ರಾಂತ್ಯದಲ್ಲಿ, ಚಾಂಗ್ ನದಿಯ ದಂಡೆಯ ಮೇಲೆ. ಸುತ್ತ ಗುಡ್ಡ, ಪೈನ್ ಮರಗಳ ಕಾಡು. ಮಣ್ಣು, ಸೌದೆ, ಸಾಗಿಸೋಕೆ ನದಿ: ಮೂರೂ ಒಂದೇ ಕಡೆ. 1004ರಲ್ಲಿ ಸೋಂಗ್ ಸಾಮ್ರಾಟ ಝೆನ್‌ಝೋಂಗ್ ತನ್ನ ಆಳ್ವಿಕೆಯ ಕಾಲಕ್ಕೆ 'ಜಿಂಗ್‌ದೆ' ಅಂತ ಹೆಸರಿಟ್ಟ. ಇಲ್ಲಿನ ಪಾತ್ರೆ ಅಷ್ಟು ಹಿಡಿಸಿತ್ತು ಅಂತ ಅದೇ ಹೆಸರನ್ನ ಈ ಊರಿಗೂ ಕೊಟ್ಟ. 'ಝೆನ್' ಅಂದ್ರೆ ಪೇಟೆ ಊರು. ಸಾವಿರ ವರ್ಷದಿಂದ ಒಂದೇ ಕಸುಬು. ಬೀದಿದೀಪದ ಕಂಬಕ್ಕೂ ಪಿಂಗಾಣಿಯನ್ನೇ ಹೊದಿಸಿದ್ದಾರೆ! ನಮ್ಮಲ್ಲಾದ್ರೆ ಮೊದಲ ದಿನವೇ ಯಾರೋ ಕಲ್ಲು ಹೊಡೆದು ನೋಡ್ತಿದ್ರು.

ಊಟದ ಬಗ್ಗೆ ಒಂದು ಮಾತು. ಜಿಯಾಂಗ್ಶಿಯವರದ್ದು ಖಾರದ ಊಟ. ಅಕ್ಕಿ ಶಾವಿಗೆಯನ್ನ ತಣ್ಣಗೆ, ಮೆಣಸಿನಕಾಯಿ ಎಣ್ಣೆಯಲ್ಲಿ ಕಲಸಿ ಕೊಡ್ತಾರೆ, ಬೆಳಿಗ್ಗೆ ನಾಷ್ಟಾಕ್ಕೇ. ಶಾಂಘೈನ ಸಿಹಿ ಸಿಹಿ ಅಡುಗೆ ತಿಂದು ಬಾಯಿ ಸಪ್ಪೆಯಾಗಿದ್ದ ಉತ್ತರ ಕರ್ನಾಟಕದವನಿಗೆ ಬಹಳ ಸಮಾಧಾನ ಆಯ್ತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿ ಇರುತ್ತಲ್ಲ, ಪುಣೆಯವರು ಬರಣಿ ಅಂತಾರೆ, ಅದನ್ನೂ ನಾವು ಪಿಂಗಾಣಿ ಅಂತೀವಿ. ನಿಜವಾದ ಪಿಂಗಾಣಿ ಬೇರೆ. ಬೆಳಕಿಗೆ ಹಿಡಿದರೆ ತೆಳುವಾದ ಕಡೆ ಹಿಂದಿನ ಬೆರಳಿನ ನೆರಳು ಕಾಣಬೇಕು, ಬೆರಳಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಇದಕ್ಕೆ ಎರಡು ಪದಾರ್ಥ ಬೇಕು. ಒಂದು ಪಿಂಗಾಣಿ ಕಲ್ಲು. ಅದನ್ನ ಕುಟ್ಟಿ ಪುಡಿ ಮಾಡಿ, ನೀರಲ್ಲಿ ತಿಳಿಗೊಳಿಸಿ, ಸಣ್ಣ ಬಿಳಿ ಇಟ್ಟಿಗೆ ಮಾಡಿ ಮಾರ್ತಾರೆ. ಇನ್ನೊಂದು ಕಾವೊಲಿನ್ ಮಣ್ಣು. ಈ ಪದ ನೀವು ಕೇಳಿರ್ತೀರಿ, ಪೇಪರಿಗೂ ಔಷಧಿಗೂ ಬಳಸ್ತಾರೆ. ಅದು ಬಂದಿರೋದೇ ಜಿಂಗ್‌ದೆಝೆನ್ ಹತ್ತಿರದ ಗಾವ್‌ಲಿಂಗ್ ಅನ್ನೋ ಹಳ್ಳಿಯ ಹೆಸರಿಂದ. ಕಲ್ಲು ಮಾಂಸ, ಕಾವೊಲಿನ್ ಮೂಳೆ ಅಂತ ಅಲ್ಲಿನವರು ಹೇಳ್ತಿದ್ರಂತೆ. ಕಾವೊಲಿನ್ ಇಲ್ಲದಿದ್ರೆ ಸುಮಾರು 1300 ಡಿಗ್ರಿ ಬೆಂಕಿಯಲ್ಲಿ ಪಾತ್ರೆ ನಿಲ್ಲಲ್ಲ, ಕುಸೀತದೆ.

ಈ ಮಾತನ್ನ ಹೊರಜಗತ್ತಿಗೆ ತಲುಪಿಸಿದವನು ದಾಂತ್ರೆಕೋಲ್ ಅನ್ನೋ ಫ್ರೆಂಚ್ ಪಾದ್ರಿ. 1712ರಲ್ಲಿ ಒಂದು, 1722ರಲ್ಲಿ ಇನ್ನೊಂದು ಉದ್ದದ ಪತ್ರ ಬರೆದು ಪಿಂಗಾಣಿ ಮಾಡುವ ಕ್ರಮವನ್ನೆಲ್ಲ ಯುರೋಪಿಗೆ ಕಳಿಸಿದ. ಇವತ್ತಿನ ಭಾಷೆಯಲ್ಲಿ ಪೂರ್ತಿ ಡಾಕ್ಯುಮೆಂಟೇಶನ್ ಲೀಕ್. ಅದರಲ್ಲಿ ಒಂದು ಸಂಗತಿ ಇದೆ. ಒಬ್ಬ ಅಂಚಿನ ಗೆರೆ ಮಾತ್ರ ಎಳೀತಾನೆ, ಇನ್ನೊಬ್ಬ ಹೂವಿನ ರೇಖೆ ಹಾಕ್ತಾನೆ, ಮತ್ತೊಬ್ಬ ಬಣ್ಣ ತುಂಬ್ತಾನೆ. ಒಂದು ಪಾತ್ರೆ ಎಪ್ಪತ್ತು ಜನರ ಕೈ ದಾಟಿ ಬರುತ್ತೆ ಅಂತ. ಇದಕ್ಕೂ ಮೊದಲೇ, 1637ರ 'ತಿಯಾನ್‌ಗೋಂಗ್ ಕೈವು' ಅನ್ನೋ ಚೀನೀ ಗ್ರಂಥದಲ್ಲಿ ಒಂದು ಬಟ್ಟಲಿಗೆ 72 ಕೆಲಸ ಅಂತ ಲೆಕ್ಕ ಇದೆ. ಫೋರ್ಡ್ ಕಂಪನಿಯ ಅಸೆಂಬ್ಲಿ ಲೈನ್ ಬಗ್ಗೆ ನಮಗೆ ಪಾಠ ಮಾಡಿದವರು ಇದನ್ನ ಯಾಕೆ ಹೇಳಲಿಲ್ಲವೋ.

ಈಗಲೂ ಅದನ್ನ ನೋಡಬಹುದು. ಹಳೆಯ ಭಟ್ಟಿಗಳ ವಸ್ತುಸಂಗ್ರಹಾಲಯದ ಆವರಣದಲ್ಲಿ ವಯಸ್ಸಾದ ಕೆಲಸಗಾರರು ಸಾಲಾಗಿ ಕೂತು ಮಾಡಿ ತೋರಿಸ್ತಾರೆ. ಒಬ್ಬರು ತಿಗರಿ ಮೇಲೆ ಎತ್ತೋದು. ಮುಂದಿನವರು ಒಣಗಿದ ಬಟ್ಟಲನ್ನ ಕಬ್ಬಿಣದ ಉಳಿಯಿಂದ ಹೆರೆದು ತೆಳು ಮಾಡೋದು. ಹೆರೆಯುವವರ ಹತ್ತಿರ ನಾನು ಒಂದು ತಾಸು ನಿಂತಿದ್ದೆ. ಅವರು ನಡುನಡುವೆ ಬಟ್ಟಲನ್ನ ಬೆರಳಿಂದ ಮೆಲ್ಲಗೆ ತಟ್ಟಿ ಸದ್ದು ಕೇಳ್ತಾರೆ. ದಪ್ಪ ಎಷ್ಟಿದೆ ಅಂತ ಕಿವಿಯಿಂದ ಅಳೆಯೋದು! ಒಂದು ಕೂದಲಷ್ಟು ಜಾಸ್ತಿ ಹೆರೆದರೆ ತೂತು. ನಂತರ ನೀಲಿ ಚಿತ್ರ ಬರೆಯುವವರು. ಕೋಬಾಲ್ಟ್ ಬಣ್ಣ ಹಚ್ಚುವಾಗ ಬೂದಿಗಪ್ಪು. ಸುಟ್ಟ ಮೇಲೆ ನೀಲಿ. ಹಸಿ ಮಣ್ಣಿನ ಮೇಲೇ ಬರೆಯೋದು, ನೀರನ್ನ ಒಂದೇ ಕ್ಷಣದಲ್ಲಿ ಹೀರಿಬಿಡುತ್ತೆ, ಅಳಿಸೋಕೆ ಆಗಲ್ಲ. ನಮ್ಮ ಕೆಲಸದಲ್ಲಿ ಇರುವ 'ಅನ್‌ಡೂ' ಬಟನ್ ಅಲ್ಲಿ ಇಲ್ಲ.

ಈ ನೀಲಿ ಬಣ್ಣ ಹದಿನಾಲ್ಕನೇ ಶತಮಾನದಲ್ಲಿ ಪರ್ಷಿಯಾ ಕಡೆಯಿಂದ ಬರ್ತಿತ್ತು. ಅದನ್ನ ಹಚ್ಚಿದ ಪಾತ್ರೆಗಳು ಮತ್ತೆ ಪಶ್ಚಿಮಕ್ಕೆ ಹೋಗ್ತಿದ್ವು. ದಿಲ್ಲಿಯಲ್ಲಿರುವವರು ಫಿರೋಜ್ ಷಾ ಕೋಟ್ಲಾ ನೋಡಿರ್ತೀರಿ, ಕ್ರಿಕೆಟ್ ಸ್ಟೇಡಿಯಂ ಪಕ್ಕ. ಅಲ್ಲಿ 1960ರ ದಶಕದಲ್ಲಿ ನೆಲದಡಿ ಸಿಕ್ಕಿದ್ದು ಆ ಕಾಲದ್ದೇ ಚೀನೀ ಪಿಂಗಾಣಿ, ತುಘಲಕ್ ಅರಮನೆಯದ್ದು. ನಮ್ಮ ಹಂಪಿಯಲ್ಲೂ ಅಗೆದಾಗ ಚೀನೀ ಪಿಂಗಾಣಿ ಚೂರುಗಳು ಸಿಕ್ಕಿವೆ, ಶ್ರೀಮಂತ ವ್ಯಾಪಾರಿಗಳ ಮನೆಗಳಿದ್ದಿರಬಹುದಾದ ಕಡೆ.

ಭಟ್ಟಿಗೆ ಬರೋಣ. ಅಲ್ಲಿನ ದೊಡ್ಡ ಭಟ್ಟಿ ಅರ್ಧ ಮೊಟ್ಟೆಯನ್ನ ಉದ್ದಕ್ಕೆ ಬೋರಲು ಹಾಕಿದ ಹಾಗಿದೆ. ಪೈನ್ ಸೌದೆಯ ಬೆಂಕಿ. ಪಾತ್ರೆಗಳನ್ನ ಒರಟು ಮಣ್ಣಿನ ಡಬ್ಬಿಗಳಲ್ಲಿ ಮುಚ್ಚಿಟ್ಟು ಪೇರಿಸ್ತಾರೆ, ಬೂದಿ ಬೀಳದ ಹಾಗೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಭಟ್ಟಿಯ ಮುಖ್ಯಸ್ಥ ಬೆಂಕಿಯ ಕಿಂಡಿಯಿಂದ ಒಳಗೆ ಉಗುಳ್ತಿದ್ದ. ಉಗುಳು ಹೇಗೆ ಸಿಡಿದು ಆರುತ್ತೆ ಅನ್ನೋದನ್ನ ನೋಡಿ ಕಾವು ಎಷ್ಟು ಅಂತ ಹೇಳ್ತಿದ್ದ. ನಮ್ಮ ಓಣಿಯ ಅಜ್ಜ ಆವಿಗೆಯ ಹೊಗೆ ಬಣ್ಣ ನೋಡಿ 'ಇನ್ನ ಸಾಕು' ಅಂತಿದ್ದದ್ದು ನೆನಪಾಯ್ತು. 2009ರಲ್ಲಿ ಈ ಹಳೆ ಭಟ್ಟಿಯನ್ನ ಮತ್ತೆ ಹೊತ್ತಿಸಿದರು.

ಎರಡನೇ ದಿನ ಝುಷಾನ್ ದಿಬ್ಬಕ್ಕೆ ಹೋದೆ. ಮಿಂಗ್ ಮತ್ತು ಚಿಂಗ್ ಕಾಲದಲ್ಲಿ ಅರಮನೆಗೆ ಮಾತ್ರ ಪಾತ್ರೆ ಮಾಡ್ತಿದ್ದ ಭಟ್ಟಿಗಳು ಇದ್ದದ್ದು ಅಲ್ಲಿ. ಈಗ ಇಟ್ಟಿಗೆ ಕಮಾನುಗಳ ಚಂದದ ಮ್ಯೂಸಿಯಂ ಇದೆ, ಹಳೆ ಭಟ್ಟಿಯ ಇಟ್ಟಿಗೆಗಳನ್ನೂ ಸೇರಿಸಿ ಕಟ್ಟಿದ್ದು. ಒಳಗೆ ಹೋದರೆ ಅಂಟಿಸಿ ಜೋಡಿಸಿದ ಪಾತ್ರೆಗಳೇ ತುಂಬಿವೆ. ಯಾಕಂದ್ರೆ ಅರಮನೆಗೆ ದೋಷ ಇಲ್ಲದ್ದು ಮಾತ್ರ ಹೋಗಬೇಕು. ಉಳಿದದ್ದು ಸಾಮಾನ್ಯರ ಕೈಗೆ ಹೋಗಬಾರದು. ಹಾಗಾಗಿ ಬಣ್ಣ ಸ್ವಲ್ಪ ಹರಿದಿದ್ರೂ, ಅಂಚು ಸ್ವಲ್ಪ ವಾಲಿದ್ರೂ ಒಡೆದು ಅಲ್ಲೇ ಹೂತುಬಿಡ್ತಿದ್ರು. 1980ರ ದಶಕದಿಂದ ಪುರಾತತ್ತ್ವದವರು ಆ ಗುಂಡಿಗಳನ್ನ ತೆಗೆದು ಚೂರು ಚೂರು ಜೋಡಿಸ್ತಾ ಬಂದಿದ್ದಾರೆ. ಹತ್ತಿರದಿಂದ ನೋಡಿದೆ, ಎಷ್ಟೋ ಪಾತ್ರೆಗಳಲ್ಲಿ ದೋಷ ಎಲ್ಲಿದೆ ಅಂತ ನನಗೆ ಕಾಣಲೇ ಇಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತೀವಲ್ಲ. ಇಲ್ಲಿ ದೊಣ್ಣೆಯನ್ನೂ ಬಹುಶಃ ಕುಂಬಾರನ ಕೈಗೇ ಕೊಟ್ಟಿರ್ತಾರೆ.

ಮಿಂಗ್ ಕಾಲದ ಕೊನೆಗೆ ಇನ್ನೊಂದು ಪದ್ಧತಿ ಬಂತು. ಅರಮನೆಯ ಆರ್ಡರನ್ನ ಖಾಸಗಿ ಭಟ್ಟಿಗಳಿಗೆ ಹೊರಿಸೋದು. ಸರಿ ಬಂದ್ರೆ ಅರಮನೆಗೆ. ಕೆಟ್ಟರೆ ನಷ್ಟ ಭಟ್ಟಿಯವನದ್ದು.

ಆ ದಿಬ್ಬದ ಹತ್ತಿರ ಒಂದು ಸಣ್ಣ ಗುಡಿ ಇದೆ. ತೋಂಗ್ ಬಿನ್ ಅನ್ನೋ ಕೆಲಸಗಾರನದ್ದು. ಇಂಗ್ಲಿಷ್ ಬರುವ ಒಬ್ಬ ಕಾಲೇಜು ಹುಡುಗ ನನಗೆ ಕಥೆ ಹೇಳಿದ. ಸಾಮ್ರಾಟ ವಾನ್ಲಿಯ ಕಾಲ, 1599. ಅರಮನೆಗೆ ದೊಡ್ಡ ದೊಡ್ಡ ಡ್ರ್ಯಾಗನ್ ಬಾನಿಗಳು ಬೇಕು. ನಮ್ಮ ಕಡೆ ನೀರು ತುಂಬಿಡೋ ಬಾನಿ ಇರುತ್ತಲ್ಲ, ಹಾಗೆ. ಅಷ್ಟು ದೊಡ್ಡದು ಭಟ್ಟಿಯಲ್ಲಿ ನಿಲ್ಲಲ್ಲ, ಸೀಳುತ್ತೆ. ಪಾನ್ ಶಿಯಾಂಗ್ ಅನ್ನೋ ಅರಮನೆಯ ಅಧಿಕಾರಿ ಬಂದು ಕೂತಿದ್ದಾನೆ. ಕೆಟ್ಟಾಗಲೆಲ್ಲ ಕೆಲಸಗಾರರಿಗೆ ಹೊಡೆತ, ಉಪವಾಸ. ನೋಡಲಾರದೆ ತೋಂಗ್ ಬಿನ್ ಉರಿಯುವ ಭಟ್ಟಿಗೆ ಹಾರಿದ. ಮರುದಿನ ತೆಗೆದರೆ ಬಾನಿ ಸರಿಯಾಗಿ ಬಂದಿತ್ತಂತೆ. ಕೊನೆಗೆ ಅವನನ್ನೇ ಗಾಳಿ ಬೆಂಕಿಯ ದೇವರು ಮಾಡಿ ಗುಡಿ ಕಟ್ಟಿದರು.

ಕೇಳ್ತಾ ಇದ್ದ ಹಾಗೆ ನನಗೆ 'ಕೆರೆಗೆ ಹಾರ'ದ ಭಾಗೀರಥಿ ಎದುರಿಗೆ ಬಂದು ನಿಂತಳು. ನಿಮಗೂ ಬಂದಿರಬೇಕು. ಇಂಥ ಕಥೆಗಳು ನನಗೆ ಕಸಿವಿಸಿ ತರ್ತವೆ. ಒಬ್ಬರು ಸತ್ತರು, ಕೆಲಸ ಕೈಗೂಡಿತು, ದೇವರಾದರು. ಗಡುವು ಹಾಕಿದವನನ್ನ ಕಥೆ ಮರೆತುಬಿಡುತ್ತೆ. ಆದರೆ ಜಿಂಗ್‌ದೆಝೆನ್‌ನ ಕೆಲಸಗಾರರು ಮರೆತಿರಲಿಲ್ಲ, ಆ ಅಧಿಕಾರಿಯ ವಿರುದ್ಧ ದಂಗೆ ಎದ್ದರು.

ಆ ಹುಡುಗ ಮುಂದೆ ಹೇಳಿದ ಭಾಗಕ್ಕಾಗಿ ಈ ಮಾತು ಆಡ್ತಾ ಇದ್ದೀನಿ. 1728ರಲ್ಲಿ ತಾಂಗ್ ಯಿಂಗ್ ಅನ್ನೋ ಅಧಿಕಾರಿ ಭಟ್ಟಿಗಳ ಉಸ್ತುವಾರಿಗೆ ಬಂದ. ಅವನಿಗೆ ಪಿಂಗಾಣಿಯ ಗಂಧಗಾಳಿ ಇರಲಿಲ್ಲ. ಅದನ್ನ ಅವನೇ ಬರೆದಿಟ್ಟಿದ್ದಾನೆ. ಮೂರು ವರ್ಷ ಕೆಲಸಗಾರರ ಜೊತೆ ಉಂಡು, ಅವರ ಜೊತೆಗೇ ಮಲಗಿ ಕಸುಬು ಕಲಿತ. ಒಂದು ದಿನ ಒಂದು ಗೋಡೆಯ ಮೂಲೆಯಲ್ಲಿ ವಾನ್ಲಿ ಕಾಲದ ಒಂದು ಡ್ರ್ಯಾಗನ್ ಬಾನಿ ಕಣ್ಣಿಗೆ ಬಿತ್ತು. ಕೆಟ್ಟು ಹೋಗಿದ್ದಕ್ಕೆ ಎಸೆದದ್ದು. ಅದನ್ನ ಎತ್ತಿಸಿ ತಂದು ತೋಂಗ್ ಬಿನ್‌ನ ಗುಡಿಯ ಪಕ್ಕ ಕಟ್ಟೆ ಕಟ್ಟಿಸಿ ಇಡಿಸಿದ. ಒಡಕು ಪಾತ್ರೆಗೆ ಇದೆಲ್ಲ ಯಾಕೆ ಅಂದವರಿಗೆ, ಇದರಲ್ಲಿ ಆ ಮನುಷ್ಯನ ರಕ್ತ ಮೂಳೆ ಇದೆ ಅನ್ನೋ ಅರ್ಥದ ಉತ್ತರ ಕೊಟ್ಟ. ಸರಿ ಬಂದ ಬಾನಿ ಅರಮನೆಗೆ ಹೋಗಿತ್ತು. ಇವನು ಕಟ್ಟೆ ಕಟ್ಟಿಸಿದ್ದು ಕೆಟ್ಟ ಬಾನಿಗೆ.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯ್ತು. ಕಾರಣ ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ ನಮ್ಮ ಟೀಮಿನ ಒಂದು ರಿಲೀಸ್ ಕೆಟ್ಟಿತ್ತು. ರಾತ್ರಿ ನಾಲ್ಕು ಗಂಟೆ ಕಾಲ ಕೆಲವು ಗ್ರಾಹಕರ ಖಾತೆಯಿಂದ ಒಂದೇ ಬಿಲ್ಲಿನ ಹಣ ಎರಡೆರಡು ಸಲ ಕಡಿತ ಆಯ್ತು. ತಪ್ಪಿದ್ದ ಸಾಲು ಬರೆದವಳು ಕಾಲೇಜಿಂದ ಆಗಷ್ಟೇ ಬಂದ ಹುಡುಗಿ. ಆದರೆ ಆ ಕೋಡ್ ಅವಳ ಕೈಯಿಂದ ನೇರ ಹೊರಗೆ ಹೋಗಿರಲಿಲ್ಲ. ಟೆಸ್ಟ್ ಮಾಡಿದವರಿದ್ದರು. ಆ ತಾರೀಖೇ ಆಗಬೇಕು ಅಂದವರಿದ್ದರು. ಅದನ್ನ ನೋಡಿ ಒಪ್ಪಿಗೆ ಕೊಟ್ಟವನು ನಾನು. ನಿಜ ಹೇಳಬೇಕಂದ್ರೆ ಪೂರ್ತಿ ನೋಡಿರಲಿಲ್ಲ, ಶುಕ್ರವಾರ ಸಂಜೆ ಬಸ್ಸು ಹಿಡಿಯೋದಿತ್ತು. ಸೋಮವಾರ ಮೀಟಿಂಗಲ್ಲಿ ದೊಡ್ಡವರು 'ಯಾರ ಕೋಡ್ ಇದು' ಅಂತ ಕೇಳಿದಾಗ ಅವಳ ಹೆಸರು ಬಂತು. ನಾನು ಮ್ಯೂಟ್‌ನಲ್ಲಿದ್ದೆ. ಮ್ಯೂಟ್ ತೆಗೆಯಲಿಲ್ಲ. ಆ ವರ್ಷ ಅವಳಿಗೆ ಇನ್‌ಕ್ರಿಮೆಂಟ್ ಬರಲಿಲ್ಲ, ಆರು ತಿಂಗಳಲ್ಲಿ ಬಿಟ್ಟು ಹೋದಳು. ನನಗೆ ಬಡ್ತಿ ಸಿಕ್ಕಿತು.

ಎಪ್ಪತ್ತೆರಡು ಕೈ ಅಂತ ಹೆಮ್ಮೆಯಿಂದ ಹೇಳೋದು ಪಾತ್ರೆ ಚೆನ್ನಾಗಿ ಬಂದಾಗ. ಕೆಟ್ಟಾಗ ಒಂದೇ ಕೈ ಸಾಕು ನಮಗೆ.

ಮೂರನೇ ದಿನ, ಪ್ರವಾಸಿಗಳಿಗೆ ಕಲಿಸುವ ಒಂದು ಸಣ್ಣ ಅಂಗಡಿಗೆ ಹೋಗಿ ತಿಗರಿಗೆ ಕೂತೆ. ಈ ಮಣ್ಣು ನಮ್ಮೂರಿನದ್ದರ ಹಾಗಲ್ಲ, ಬೆಣ್ಣೆ ಹಾಗೆ ಜಾರುತ್ತೆ. ಕಲಿಸೋ ಅಕ್ಕ ನನ್ನ ಕೈ ಮೇಲೆ ಕೈ ಇಟ್ಟು ಹೇಗೋ ಒಂದು ಬಟ್ಟಲು ಎತ್ತಿಸಿದರು. ತಿಗರಿಯಿಂದ ಇಳಿಸುವಾಗ ನನ್ನ ಹೆಬ್ಬೆರಳು ತಾಗಿ ಅಂಚು ಬಾಗಿತು. ಅವರು ಎರಡು ಬೆರಳಲ್ಲಿ ತಿದ್ದಿ ಪೂರ್ತಿ ಗುಂಡಗೆ ಮಾಡಿದರು. ಫೋಟೋ ಇದೆ, ಚೂರೂ ಗೊತ್ತಾಗಲ್ಲ. ಆದರೂ ಫೋನಿನ ಅನುವಾದದ ಆ್ಯಪಲ್ಲಿ ಟೈಪ್ ಮಾಡಿ ತೋರಿಸಿದರು: ಸುಟ್ಟ ಮೇಲೆ ಮತ್ತೆ ಬಾಗುತ್ತೆ, ಮಣ್ಣಿಗೆ ನೆನಪಿರುತ್ತೆ. ಇದಕ್ಕೆ ವಿಜ್ಞಾನ ಇದೆ ನೋಡ್ರಿ. ಕಾವೊಲಿನ್‌ನ ಕಣಗಳು ಚಪ್ಪಟೆ ಬಿಲ್ಲೆಗಳ ಹಾಗೆ. ಒತ್ತಿದ ಕಡೆ ತಿರುಗಿ ಕೂತುಬಿಡ್ತವೆ. ಮೇಲಿಂದ ತಿದ್ದಿದರೂ ಒಳಗಿನ ಜೋಡಣೆ ಹಾಗೇ ಇರುತ್ತೆ. ಬೆಂಕಿಯಲ್ಲಿ ಪಾತ್ರೆ ಕುಗ್ಗುವಾಗ ಅದು ಹೊರಗೆ ಬರುತ್ತೆ.

ಒಣಗಿಸಿ, ಸುಟ್ಟು, ಶಾಂಘೈನ ಹೋಟೆಲಿಗೆ ಕೊರಿಯರ್ ಮಾಡಿದ್ದರು. ಡಬ್ಬಿ ಬಿಚ್ಚಿದೆ. ಅವರು ಹೇಳಿದ ಹಾಗೇ, ಅದೇ ಜಾಗದಲ್ಲಿ ಸೊಟ್ಟ.

ಅವತ್ತು ರಾತ್ರಿ ಆ ಹುಡುಗಿಗೆ ಮೆಸೇಜ್ ಬರೆದೆ. ಮೂರು ಸಲ ಬರೆದು ಅಳಿಸಿ, ಕೊನೆಗೆ ಕಳಿಸಿದೆ. ಆ ಕೋಡ್ ನಾನು ಸರಿಯಾಗಿ ನೋಡದೆ ಪಾಸ್ ಮಾಡಿದ್ದೆ, ಮೀಟಿಂಗಲ್ಲಿ ಹೇಳಬೇಕಿತ್ತು, ಹೇಳಲಿಲ್ಲ ಅಂತ. ಅವಳು ಈಗ ಹೈದರಾಬಾದಿನಲ್ಲಿದ್ದಾಳೆ. ಎರಡು ದಿನ ಬಿಟ್ಟು ಉತ್ತರ ಬಂತು: 'ನಂಗೆ ಆವತ್ತೇ ಗೊತ್ತಿತ್ತು ಸರ್. ಆವಾಗ ಹೇಳಿದ್ರೆ ಚೆನ್ನಾಗಿರ್ತಿತ್ತು.' ಅಷ್ಟೇ. ನಾನೂ ಮುಂದೆ ಏನೂ ಬರೆಯಲಿಲ್ಲ. ವಾಪಸ್ ಬಂದ ಮೇಲೆ ಮ್ಯಾನೇಜರಿಗೂ ಹೇಳಿದೆ. ಹಳೇದೆಲ್ಲ ಈಗ ಯಾಕೆ ಅಂದ್ರು.

ಬಟ್ಟಲು ನನ್ನ ಮೇಜಿನ ಮೇಲೇ ಇರುತ್ತೆ. ಇದರಲ್ಲಿ ಚಹಾ ಕುಡಿಯೋದು ಕಷ್ಟ, ಸೊಟ್ಟ ಇರೋ ಕಡೆಯಿಂದ ಅಂಗಿ ಮೇಲೆ ಸುರಿಯುತ್ತೆ. ಹೋದ ತಿಂಗಳು ಅವ್ವ ಬಂದಿದ್ದಳು, 'ಇದನ್ಯಾಕ ಇಟ್ಟೀಯೋ, ಒಗಿ ಆಕಡೆ' ಅಂದಳು. ಅವಳಿಗೆ ಇನ್ನೂ ಈ ಕಥೆ ಹೇಳಿಲ್ಲ. ಈ ವಿಡಿಯೋ ನೋಡಿದ್ರೆ ಗೊತ್ತಾಗುತ್ತೆ.